ಕಡಲಿನ ಹಗೇವು ಒಡೆದವರು

ಹಗೇವು ಗೊತ್ತಿದ್ದವರಿಗೆ ನನ್ನ ಸಿಟ್ಟು ಬೇಗ ತಿಳಿದೀತು. ಗೊತ್ತಿಲ್ಲದವರಿಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ನಮ್ಮ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಬಿಳಿಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಆಳೆತ್ತರಕ್ಕೂ ಮಿಕ್ಕಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಸುತ್ತ ಕಣಕಿ, ಹೊಟ್ಟು ಒತ್ತಿ, ಕಾಳು ಸುರಿದು, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿದರೆ ಮುಗಿಯಿತು. ಎರಡು ವರ್ಷ ಹಿಂಗಾರಿ ಕೈಕೊಟ್ಟರೂ ಆ ಮನೆಯ ಒಲೆ ಆರುತ್ತಿರಲಿಲ್ಲ. ಅದಕ್ಕೇ ಹಗೇವಿಗೆ ಕೈ ಹಾಕುವುದೆಂದರೆ ಸಣ್ಣ ಮಾತಲ್ಲ. ಮನೆಗೆ ಕನ್ನ ಹಾಕಿದವನು ಇವತ್ತಿನ ಊಟ ಕದಿಯುತ್ತಾನೆ. ಹಗೇವು ಒಡೆದವನು ಬರಗಾಲದ ಊಟ ಕದಿಯುತ್ತಾನೆ, ಇನ್ನೂ ಹುಟ್ಟದ ಕೂಸಿನ ತುತ್ತನ್ನೂ ಕದಿಯುತ್ತಾನೆ.

ಈಗ ಭೂಮಿಯ ನೆತ್ತಿಗೆ ಬನ್ನಿ. ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ಈಚೆಗೆ ಸ್ವಾಲ್ಬಾರ್ಡ್ ಎಂಬ ದ್ವೀಪಗಳ ಗುಂಪಿದೆ. ನಾರ್ವೆ ದೇಶಕ್ಕೆ ಸೇರಿದ್ದು. ಹಿಮನದಿಗಳು ಬೆಟ್ಟಗಳ ನಡುವೆ ಕೊರೆದ ಕಣಿವೆಗಳಿಗೆ ಅಲ್ಲಿ ಕಡಲು ನುಗ್ಗಿ ನಿಂತಿದೆ. ಇಂಥ ಕಡಲ ತೋಳಿಗೆ ಫಿಯೋರ್ಡ್ ಎನ್ನುತ್ತಾರೆ. ಕಾಂಗ್ಸ್‌ಫಿಯೋರ್ಡ್ ಅಂಥದ್ದೊಂದು. ಅದರ ನೀರಿನಲ್ಲಿ ಕ್ಯಾಲನಸ್ ಗ್ಲೇಸಿಯಾಲಿಸ್ ಎಂಬ ಜೀವಿ ಇದೆ. ಸಿಗಡಿಯ ದೂರದ ಬಳಗ, ಉದ್ದ ಒಂದು ಜೋಳದ ಕಾಳಿನಷ್ಟು. ಅಲೆ ಒಯ್ದಲ್ಲಿ ಹೋಗುವ ಇಂಥ ಜೀವಿಗಳಿಗೆಲ್ಲ ಒಟ್ಟಾಗಿ ಪ್ಲವಕ ಎಂದು ಹೆಸರು. ಬಿಸಿಲು ಕುಡಿದು ಬದುಕುವ ಸೂಕ್ಷ್ಮ ಪಾಚಿಗಳು ಸಸ್ಯಪ್ಲವಕ; ಅವನ್ನು ಮೇಯುವ ಕ್ಯಾಲನಸ್‌ನಂಥವು ಪ್ರಾಣಿಪ್ಲವಕ. ಇಡೀ ಭೂಮಿಯ ಮೇಲೆ ಬಿಸಿಲಿನಿಂದ ಆಹಾರ ಮಾಡುವ ಕೆಲಸದಲ್ಲಿ ಹತ್ತಿರ ಹತ್ತಿರ ಅರ್ಧಪಾಲು ಈ ಕಣ್ಣಿಗೆ ಕಾಣದ ಸಸ್ಯಪ್ಲವಕದ್ದು. ಉಳಿದ ಅರ್ಧ ನೆಲದ ಮೇಲಿನ ಎಲ್ಲ ಕಾಡು, ಹುಲ್ಲು, ಬೆಳೆ ಸೇರಿ.

ಕಾಂಗ್ಸ್‌ಫಿಯೋರ್ಡಿನಲ್ಲಿ ವರ್ಷದ ಸುಮಾರು ನಾಲ್ಕು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಬಿಸಿಲಿಲ್ಲದಿದ್ದರೆ ಪಾಚಿ ಇಲ್ಲ, ಪಾಚಿ ಇಲ್ಲದಿದ್ದರೆ ಮೇವಿಲ್ಲ. ಜೋಳದ ಕಾಳಿನಷ್ಟು ಜೀವಿ ಈ ನಾಲ್ಕು ತಿಂಗಳ ಬರವನ್ನು ದಾಟುವುದು ಹೇಗೆ? ನಮ್ಮ ಅಜ್ಜಂದಿರು ದಾಟಿದ ಹಾಗೆಯೇ. ವಸಂತದಲ್ಲಿ ಸೂರ್ಯ ಮರಳಿದಾಗ ಮೊದಲು ಹೆಪ್ಪುಗಟ್ಟಿದ ಕಡಲಿನ ಅಡಿಬದಿಗೆ ಅಂಟಿದ ಪಾಚಿ, ಆಮೇಲೆ ನೀರಲ್ಲಿ ಉಕ್ಕುವ ಪಾಚಿ ಎರಡನ್ನೂ ಮೇದು ಮೈಯೊಳಗೆ ಕೊಬ್ಬು ಕೂಡಿಸುತ್ತದೆ. ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಆಗುವಷ್ಟು ಕೂಡಿಸುತ್ತದೆ. ಬೇಸಿಗೆ ಮುಗಿಯುತ್ತಿದ್ದಂತೆ ಕಡಲಿನ ಆಳಕ್ಕಿಳಿದು, ಉಸಿರನ್ನೂ ಮಂದಮಾಡಿ, ಆ ಕೊಬ್ಬನ್ನೇ ಸ್ವಲ್ಪ ಸ್ವಲ್ಪ ಕರಗಿಸುತ್ತ ಕತ್ತಲೆ ಕಳೆಯುತ್ತದೆ. ಕಡಲಿನ ಹಗೇವು ಎಂದು ನಾನು ಕರೆಯುವುದು ಇದನ್ನು. ಆ ಹಗೇವಿನ ಮೇಲೆ ಧ್ರುವದ ಕಾಡ್ ಮೀನು ಬದುಕುತ್ತದೆ, ಬೋಹೆಡ್ ತಿಮಿಂಗಿಲ ಬದುಕುತ್ತದೆ. ಪಾರಿವಾಳಕ್ಕಿಂತ ಚಿಕ್ಕದಾದ, ಕಪ್ಪುಬಿಳುಪಿನ ಲಿಟಲ್ ಆಕ್ ಎಂಬ ಹಕ್ಕಿ ಗಂಟಲಚೀಲದ ತುಂಬ ಈ ಕಾಳುಗಳನ್ನೇ ಹೊತ್ತು ಬಂದು ಮರಿಯ ಬಾಯಿಗೆ ಹಾಕುತ್ತದೆ.

ಈ ಹಗೇವನ್ನು ಒಡೆದಿದ್ದಾರೆ.

ಸ್ವಾಲ್ಬಾರ್ಡಿನ ಪಡುವಣ ತೀರಕ್ಕೆ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವೊಂದು ಹರಿದು ಬರುತ್ತದೆ. ಮೊದಲು ಚಳಿಗಾಲದಲ್ಲಿ ಅದು ಹೆಚ್ಚಾಗಿ ಫಿಯೋರ್ಡಿನ ಹೊರಗೇ ನಿಲ್ಲುತ್ತಿತ್ತು. ಒಳಗೆ ಕಡಲು ಹೆಪ್ಪುಗಟ್ಟುತ್ತಿತ್ತು. 2005-06ರ ಚಳಿಗಾಲದಲ್ಲಿ ಆ ಬೆಚ್ಚನೆಯ ನೀರು ಒಳನುಗ್ಗಿತು. ಅಂದಿನಿಂದ ಕಾಂಗ್ಸ್‌ಫಿಯೋರ್ಡಿನ ಬಹುಭಾಗ ಹಿಂದಿನಂತೆ ಹೆಪ್ಪುಗಟ್ಟುವುದನ್ನೇ ಬಿಟ್ಟಿದೆ. 1979ರಿಂದ ಈಚೆಗೆ ಆರ್ಕ್‌ಟಿಕ್ ಪ್ರದೇಶ ಇಡೀ ಭೂಮಿಯ ಸರಾಸರಿಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ವೇಗದಲ್ಲಿ ಕಾದಿದೆ. 2024ರ ಒಂದೇ ಬೇಸಿಗೆಯಲ್ಲಿ ಸ್ವಾಲ್ಬಾರ್ಡ್ ತನ್ನ ಹಿಮದಲ್ಲಿ ಸುಮಾರು ನೂರನೇ ಒಂದು ಭಾಗ ಕಳೆದುಕೊಂಡಿತು. ಕಾಂಗ್ಸ್‌ಫಿಯೋರ್ಡಿನ ಒಂದು ನೆಲದ ತುಂಡಿಗೆ ನಕಾಶೆಯಲ್ಲಿ ಇವತ್ತಿಗೂ ಪರ್ಯಾಯದ್ವೀಪ ಎಂಬ ಅರ್ಥದ ಹೆಸರಿದೆ, ಬ್ಲೊಮ್‌ಸ್ಟ್ರಾಂಡ್‌ಹಾಲ್ವೋಯಾ. 1990ರ ದಶಕದಲ್ಲಿ ಅದನ್ನು ನೆಲಕ್ಕೆ ಬೆಸೆದಿದ್ದ ಹಿಮನದಿ ಹಿಂದಕ್ಕೆ ಸರಿದಾಗ, ಅದು ಎಲ್ಲ ಕಡೆ ನೀರಿರುವ ದ್ವೀಪವೆಂದು ಬಯಲಾಯಿತು. ಹೆಸರು ಉಳಿಯಿತು, ಹಿಮ ಉಳಿಯಲಿಲ್ಲ.

ಬೆಚ್ಚನೆಯ ನೀರಿನ ಜೊತೆ ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಂಬ ದಾಯಾದಿ ಬಂದಿದೆ. ನೋಡಲು ಅದೇ ರೂಪ. ಆದರೆ ಇದು ಸಜ್ಜೆ ಕಾಳಿನಷ್ಟು ಮಾತ್ರ. ಇದರ ಮೈಯಲ್ಲಿರುವ ಕೊಬ್ಬು ತೀರ ಕಡಿಮೆ. ಹಕ್ಕಿ ಅದೇ ಗಂಟಲಚೀಲ ತುಂಬಿಕೊಂಡು ಹಾರುತ್ತದೆ, ಮರಿಗೆ ಸಿಗುವ ಸತ್ವ ಮಾತ್ರ ಮೊದಲಿನದಲ್ಲ. ಒಳ್ಳೆಯ ಕಾಳು ಹುಡುಕಲು ತಾಯಿಹಕ್ಕಿ ಇನ್ನೂ ತಣ್ಣನೆಯ ನೀರಿನ ಕಡೆಗೆ ದೂರ ದೂರ ಹಾರಬೇಕು. ಇತ್ತ ಕರಗುವ ಹಿಮನದಿ ರಾಡಿ ತಂದು ಸುರಿಯುತ್ತದೆ. ಫಿಯೋರ್ಡಿನ ಒಳಭಾಗ ನಮ್ಮ ಶ್ರಾವಣದ ಹೊಳೆಯಂತೆ ಕೆಂಪಾಗಿ, ಬಿಸಿಲು ಆಳಕ್ಕೆ ಇಳಿಯದಂತಾಗುತ್ತದೆ. ಗಾಜಿನಂಥ ಚಿಪ್ಪು ಕಟ್ಟಿಕೊಂಡು ಬೆಳೆಯುವ ಡಯಾಟಮ್ ಎಂಬ ಹದವಾದ ಮೇವು ಕೆಲವು ವಸಂತಗಳಲ್ಲಿ ಹಿಂದೆ ಬಿದ್ದು, ಫಿಯೋಸಿಸ್ಟಿಸ್ ಎಂಬ ಲೋಳೆಮುದ್ದೆಯ ಪಾಚಿ ಮೇಲುಗೈ ಪಡೆಯುತ್ತದೆ.

ಒಟ್ಟು ಲೆಕ್ಕದಲ್ಲಿ ಪ್ಲವಕ ಕಡಿಮೆಯೇನೂ ಆಗಿಲ್ಲವಲ್ಲ, ಕೆಲವು ಕಡೆ ಹೆಚ್ಚೇ ಆಗಿದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಈ ಮಾತು ಕೇಳಿದಾಗ ನನಗೆ ಮೈ ಉರಿಯುತ್ತದೆ. ಹಗೇವಿನ ಬಿಳಿಜೋಳ ತೆಗೆದುಕೊಂಡು ಅದೇ ಚೀಲಗಳಲ್ಲಿ ಜೊಳ್ಳು ತುಂಬಿಟ್ಟು, ಚೀಲ ಎಣಿಸಿ ನೋಡಿಕೊಳ್ಳಿ ಎಂದರೆ ನಮ್ಮ ಕಣದಲ್ಲಿ ಯಾರಾದರೂ ಬಿಟ್ಟಾರೆಯೇ?

ಇದೆಲ್ಲ ಅಲ್ಲೆಲ್ಲೋ ನಡೆಯುವ ಸಂಗತಿ, ಮುದ್ದೇಬಿಹಾಳದವನಿಗೆ ಇದರ ಗೊಡವೆ ಏಕೆ ಎಂದು ಕೇಳುತ್ತಾರೆ. ಹೇಳುತ್ತೇನೆ.

ಕಾಂಗ್ಸ್‌ಫಿಯೋರ್ಡಿನ ದಂಡೆಯ ಊರು ನಿ-ಓಲೆಸುಂಡ್. ಈಗ ಅದು ವಿಜ್ಞಾನಿಗಳ ಊರು. ಮೊದಲು ಅದೇನಾಗಿತ್ತು ಗೊತ್ತೇ? ಕಲ್ಲಿದ್ದಲ ಗಣಿ. 1916ರಲ್ಲಿ ಕಂಪನಿ ಕಟ್ಟಿದರು, ಬೆಟ್ಟ ಕೊರೆದರು. 1962ರ ನವೆಂಬರಿನಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಮರುವರ್ಷ ಆ ಸಿಟ್ಟಿಗೆ ನಾರ್ವೆಯ ಸರ್ಕಾರವೇ ಬಿದ್ದುಹೋಯಿತು, ಗಣಿ ಮುಚ್ಚಿತು. ಅಗೆದು ಸುಟ್ಟ ಜಾಗದಲ್ಲೇ ಇವತ್ತು ಸುಟ್ಟದ್ದರ ಫಲವನ್ನು ಅಳೆಯುತ್ತ ಕುಳಿತಿದ್ದಾರೆ. ಅಳೆಯುವ ಅದೇ ದೇಶ ಎಣ್ಣೆ ಮತ್ತು ಅನಿಲ ಮಾರುವುದನ್ನು ಬಿಟ್ಟಿಲ್ಲ. 2024ರ ಜನವರಿಯಲ್ಲಿ ಕಡಲತಳವನ್ನೂ ಗಣಿಗಾರಿಕೆಯ ಹುಡುಕಾಟಕ್ಕೆ ತೆರೆಯಲು ಸಂಸತ್ತಿನಲ್ಲಿ ಕೈ ಎತ್ತಿತು. ವಿರೋಧ ಎದ್ದ ಮೇಲೆ ಪರವಾನಗಿ ಕೊಡುವುದನ್ನು ಆ ವರ್ಷದ ಕೊನೆಗೆ ತಡೆಹಿಡಿಯಿತು. ತಡೆಹಿಡಿದದ್ದು ವಿವೇಕದಿಂದಲ್ಲ, ವಿರೋಧಕ್ಕೆ ಮಣಿದು. ಇದನ್ನು ನೆನಪಿಟ್ಟುಕೊಳ್ಳಿ.

ಅದೇ ನಿ-ಓಲೆಸುಂಡಿನಲ್ಲಿ ನಮ್ಮ ಭಾರತದ ಮನೆಯೂ ಇದೆ. 2008ರ ಜುಲೈ 1ರಂದು ತೆರೆದ ಹಿಮಾದ್ರಿ ಸಂಶೋಧನಾ ಕೇಂದ್ರ. 2014ರ ಜುಲೈನಲ್ಲಿ ನಮ್ಮ ವಿಜ್ಞಾನಿಗಳು ಫಿಯೋರ್ಡಿನ ನೀರೊಳಗೆ, 192 ಮೀಟರ್ ಆಳದ ಜಾಗದಲ್ಲಿ, ಇಂಡಾರ್ಕ್ ಎಂಬ ಉಪಕರಣಗಳ ಸರಪಳಿ ಕಟ್ಟಿ ಇಳಿಬಿಟ್ಟರು. ಗೋವಾದ ಧ್ರುವ ಸಂಶೋಧನಾ ಕೇಂದ್ರ, ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಸೇರಿ ಮಾಡಿದ ಕೆಲಸ. 2023ರ ಡಿಸೆಂಬರಿನಲ್ಲಿ ಮೊದಲ ಸಲ ಕಡುಕತ್ತಲೆಯ ಚಳಿಗಾಲಕ್ಕೂ ತಂಡ ಹೋಯಿತು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿತ್ತು. ಆ ವಿಜ್ಞಾನಿಗಳಿಗೆ ನಾನು ಕೈಮುಗಿಯುತ್ತೇನೆ. ನನ್ನ ಜಗಳ ಅವರ ವರದಿ ಓದಿ ಕಪಾಟಿನಲ್ಲಿಡುವವರ ಜೊತೆ. ಆರ್ಕ್‌ಟಿಕ್ಕಿನ ಕಾರಾ ಸಮುದ್ರದ ಮಂಜುಗಡ್ಡೆ ಬೇಸಿಗೆಯಲ್ಲಿ ಕಡಿಮೆಯಾಗುವುದಕ್ಕೂ, ನಮ್ಮ ಮುಂಗಾರಿನ ಕೊನೆಗೆ ಮಧ್ಯ ಭಾರತದಲ್ಲಿ ವಿಪರೀತ ಮಳೆ ಸುರಿಯುವುದಕ್ಕೂ ನಂಟಿರಬಹುದು ಎಂದು ಗೋವಾದ ಕೇಂದ್ರದವರು ತೋರಿಸಿದ್ದಾರೆ. 2009ರ ಸೆಪ್ಟೆಂಬರ್ ಕೊನೆಯ ಆ ಮಳೆಯನ್ನು ವಿಜಯಪುರ ಜಿಲ್ಲೆಯವರು ಮರೆಯುವುದುಂಟೇ? ಡೋಣಿ ಹೊಳೆ ಉಕ್ಕಿ ಹೊಲದ ಎರೆಮಣ್ಣನ್ನೇ ಎತ್ತಿಕೊಂಡು ಹೋಯಿತು. ಆ ಒಂದು ಮಳೆಗೆ ಆ ಒಂದು ಮಂಜುಗಡ್ಡೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಭೂಮಿಯ ನೆತ್ತಿಗೂ ನಮ್ಮ ಹೊಲಕ್ಕೂ ಒಂದೇ ಆಕಾಶ ಎಂದು ಹೇಳುತ್ತಿದ್ದೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಬಂದರೆ ಕೊಚ್ಚುವ ಮಳೆ, ಬಾರದಿದ್ದರೆ ಒಣಗಿಸುವ ಮಳೆ.

ಇನ್ನು ನಮ್ಮ ಮನೆಯಂಗಳದ ಮಾತು. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. 800ರ ಮೂರು ಘಟಕ. ದೂರದ ಗಣಿಗಳಿಂದ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಕೃಷ್ಣೆಯದು, ಆಲಮಟ್ಟಿಯ ಹಿನ್ನೀರಿನದು. ಲೆಕ್ಕ ಹಾಕಲು ದೊಡ್ಡ ವಿದ್ಯೆ ಬೇಡ. ಮೂರೂ ಘಟಕ ಪೂರ್ತಿ ಓಡಿದ ದಿನ ಹುಟ್ಟುವುದು 5 ಕೋಟಿ 76 ಲಕ್ಷ ಯುನಿಟ್ ವಿದ್ಯುತ್. ಯುನಿಟ್ಟಿಗೆ ಆರುನೂರು ಗ್ರಾಂ ಎಂದು ಹಿಡಿದರೂ 35,000 ಟನ್ನಿನ ಹತ್ತಿರ ಕಲ್ಲಿದ್ದಲು. ಅದರಲ್ಲಿ ಮೂರನೇ ಒಂದು ಪಾಲು ಬೂದಿಯಾಗಿ ಇಲ್ಲೇ ಉಳಿಯುತ್ತದೆ. ಯುನಿಟ್ಟಿಗೆ ಸುಮಾರು ಒಂಬೈನೂರು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದರೆ 50,000 ಟನ್ನಿಗೂ ಮಿಕ್ಕಿದ ಅನಿಲ ಒಂದು ದಿನದಲ್ಲಿ ಆಕಾಶಕ್ಕೆ. ಬೂದಿ ನಮ್ಮ ಪಾಲಿಗೆ, ಹೊಗೆ ಎಲ್ಲರ ಪಾಲಿಗೆ.

ಆ ಅನಿಲ ಏನು ಮಾಡುತ್ತದೆ ಎಂದು ಹಗೇವು ಇಳಿದವರನ್ನು ಕೇಳಿ. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಉಸಿರಾಡಿ ಕೆಟ್ಟಗಾಳಿ ತುಂಬಿರುತ್ತದೆ. ಕಲ್ಲು ಸರಿಸಿ, ತಾಸುಗಟ್ಟಲೆ ಗಾಳಿಗೆ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರ ಮಾಡಿದವರು ಹೆಣವಾಗಿ ಮೇಲೆ ಬಂದಿದ್ದಾರೆ. ಆ ಕೆಟ್ಟಗಾಳಿಯೇ ಇಂಗಾಲದ ಡೈಆಕ್ಸೈಡ್. ಓದು ಬಾರದ ನಮ್ಮ ಹಿರಿಯರಿಗೆ ದೀಪ ಇಳಿಬಿಟ್ಟು ನೋಡುವ ಎಚ್ಚರವಿತ್ತು. ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 280 ಪಾಲು ಇದ್ದದ್ದು ಈಗ 420 ದಾಟಿದೆ. ಇಷ್ಟಕ್ಕೆ ಯಾರ ಉಸಿರೂ ಕಟ್ಟುವುದಿಲ್ಲ, ನಿಜ. ಅದು ಬೇರೆ ರೀತಿ ಕೊಲ್ಲುತ್ತದೆ, ಬಿಸಿಲಿನ ಕಾವನ್ನು ಹೊರಗೆ ಹೋಗಗೊಡದೆ. ಹಾಗೆ ಉಳಿದ ಹೆಚ್ಚುವರಿ ಕಾವಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಕಡಲು ನುಂಗಿಕೊಂಡಿದೆ. ಕಂದೀಲು ಇಳಿಬಿಡುವ ಕೆಲಸವನ್ನು ವಿಜ್ಞಾನಿಗಳು ಮಾಡಿದ್ದಾರೆ. ದೀಪ ಆರಿದ್ದನ್ನು ಕೂಗಿ ಹೇಳಿದ್ದಾರೆ. ಆದರೂ ಆಳುವವರು ನಮ್ಮನ್ನು ಒಳಗೆ ದೂಡುತ್ತಿದ್ದಾರೆ.

ಕೂಡಗಿಯ ಸುತ್ತಲಿನ ರೈತರು ಸುಮ್ಮನೆ ಕೂತಿರಲಿಲ್ಲ. ಬೇಡ ಎಂದರು. ನಮ್ಮ ದ್ರಾಕ್ಷಿ, ನಮ್ಮ ಉಳ್ಳಾಗಡ್ಡಿ, ನಮ್ಮ ಎರೆಹೊಲ, ನಮ್ಮ ನೀರು ಎಂದರು. 2014ರ ಜುಲೈನಲ್ಲಿ ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು, ರೈತರು ಗಾಯಗೊಂಡರು. ನೆನಪಿಡಿ, ಅದೇ ತಿಂಗಳು ಕಾಂಗ್ಸ್‌ಫಿಯೋರ್ಡಿನಲ್ಲಿ ನಮ್ಮ ದೇಶ ಕಡಲಿನ ಕಾವು ಅಳೆಯುವ ಸರಪಳಿ ಇಳಿಬಿಟ್ಟದ್ದು. ಒಂದೇ ದೇಶ, ಒಂದೇ ತಿಂಗಳು. ಅಲ್ಲಿ ಜ್ವರ ನೋಡುವ ಕೈ, ಇಲ್ಲಿ ಜ್ವರ ಬರಿಸಬೇಡಿ ಎಂದವರ ಮೇಲೆ ಕೋವಿ ಹಿಡಿದ ಕೈ.

ಇಷ್ಟಾದ ಮೇಲೆ ನಿಯಮವನ್ನಾದರೂ ಪಾಲಿಸಿದರೇ? 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಉಷ್ಣ ಸ್ಥಾವರಗಳ ಹೊಗೆಗೆ ಮಿತಿ ಹಾಕಿತು. ಗಂಧಕದ ಅನಿಲ ತೊಳೆಯುವ ಯಂತ್ರ ಹಾಕಿ ಎಂದಿತು. ಗಡುವು ಎರಡು ವರ್ಷ. ಆ ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, ಮತ್ತೂ ಮುಂದೆ. ಕೊನೆಗೆ 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಅದು ಬೇಡವೇ ಬೇಡ ಎಂದು ವಿನಾಯಿತಿ ಕೊಟ್ಟರು. ಹತ್ತು ವರ್ಷ ಮುಂದೂಡಿ ಕೊನೆಗೆ ಕೈಬಿಟ್ಟ ನಿಯಮ ಇದು. ನಮ್ಮ ರೈತ ಸಹಕಾರ ಸಂಘದ ಸಾಲದ ಕಂತನ್ನು ಹತ್ತು ತಿಂಗಳು ಮುಂದೂಡಲಿ ನೋಡೋಣ, ಮನೆಬಾಗಿಲಿಗೆ ನೋಟಿಸು ಬಂದಿರುತ್ತದೆ.

ನ್ಯಾಯದ ಮಾತು ಬಿಡಬಾರದು. ಈ ಕಾವಿನ ದೊಡ್ಡ ಪಾಲು ನಮ್ಮದಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಎರಡು ಟನ್ ಇಂಗಾಲದ ಅನಿಲ ಬಿದ್ದರೆ, ಅಮೆರಿಕದಲ್ಲಿ ತಲೆಗೆ ಹದಿನಾಲ್ಕರ ಹತ್ತಿರ. ಆ ಎರಡು ಟನ್ನಿನಲ್ಲೂ ಮುದ್ದೇಬಿಹಾಳದ ಕೂಲಿಯವಳ ಪಾಲೆಷ್ಟು? ಅವಳು ದುಡಿಯುವ ಹೊಲದ ಪಂಪಿಗೆ ತ್ರೀಫೇಸ್ ಕೊಡುವುದು ದಿನಕ್ಕೆ 7 ತಾಸು, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಸಿರಿವಂತ ದೇಶಗಳು ಇನ್ನೂರು ವರ್ಷ ಸುಟ್ಟು ಮೈ ಬೆಳೆಸಿಕೊಂಡು, ಈಗ ನಮಗೆ ಬುದ್ಧಿ ಹೇಳಲು ಬರುತ್ತವೆ. ಆ ಬುದ್ಧಿಮಾತು ನನಗೆ ಬೇಡ. ಆದರೆ ಅವರು ಸುಟ್ಟರು, ನಾವೂ ಸುಡುತ್ತೇವೆ ಎಂದು ದಿಲ್ಲಿಯಲ್ಲಿ ಕೂತು ಹೇಳುವವರ ಮಾತೂ ಬೇಡ. ಅವರು ಸುಡುವುದು ತಮ್ಮ ಅಂಗಳದಲ್ಲಲ್ಲ. ಬಡವರ ಹೆಸರು ಹೇಳಿ ಸುಟ್ಟ ಬೆಂಕಿಯಲ್ಲಿ ಬಡವರ ರೊಟ್ಟಿ ಬೇಯುವುದಿಲ್ಲ.

ನಮ್ಮ ಸೀಮೆಗೆ ಈ ಮಾತು ಹೊಸದೇನಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಆಣೆಕಟ್ಟಿನ ಅಡಿಗಲ್ಲು ಇಟ್ಟರು. ನೀರು ಬಂತು, ಕೆಲವು ಹೊಲ ಹಸಿರಾದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುಳುಗಿದ ಹಳ್ಳಿಗಳ ಮಂದಿ ಇವತ್ತಿಗೂ ಪರಿಹಾರದ ಕಾಗದ ಹಿಡಿದು ಕಚೇರಿ ಕಚೇರಿ ತಿರುಗುತ್ತಾರೆ. ದೊಡ್ಡ ಲೆಕ್ಕ ಬರೆಯುವವರ ಪುಸ್ತಕದಲ್ಲಿ ಸಣ್ಣವರಿಗೆ ಸಾಲಿಲ್ಲ. ಜೋಳದ ಕಾಳಿನಷ್ಟು ಜೀವಿಗೆ ಎಲ್ಲಿಂದ ಬಂದೀತು?

ಕಳೆದ ಬೇಸಿಗೆಯಲ್ಲಿ ನಾನು ತಂಗಡಗಿಗೆ ಹೋಗಿದ್ದೆ. ಶರಣೆ ನೀಲಾಂಬಿಕೆಯ ಊರು, ಎದುರು ದಂಡೆಯಲ್ಲಿ ಕೂಡಲಸಂಗಮ. ನಡುವೆ ನಾರಾಯಣಪುರ ಆಣೆಕಟ್ಟಿನ ಹಿನ್ನೀರು, ಬಸವಸಾಗರ. ಬೆಳಗಿನ ಜಾವ ಒಬ್ಬ ಹಿರಿಯರು ಬಲೆ ಎಳೆಯುತ್ತಿದ್ದರು. ನೀರಿನ ಅಂಚಿಗೆ ಹಸಿರು ಬಣ್ಣ ಕಲಸಿಟ್ಟ ಹಾಗೆ ಕೆನೆ ಕಟ್ಟಿತ್ತು.

“ಕಾಕಾ, ನೀರ ಯಾಕ ಹಿಂಗ ಹಸರ ಆಗೈತಿ?” ಎಂದೆ.

“ಬ್ಯಾಸಗ್ಯಾಗ ಮೊದಲೂ ಆಗ್ತಿತ್ತು ತಮ್ಮಾ. ಆದರ ಇಷ್ಟ ದಿನ ನಿಲ್ತಿದ್ದಿಲ್ಲ. ನಸುಕಿನ್ಯಾಗ ಬಂದು ನೋಡು, ಕಟ್ಲಾ ಮ್ಯಾಲ ಬಂದು ಬಾಯಿ ತಗದು ಗಾಳಿ ಗುಟುಕರಸ್ತಾವು. ಮೀನಕ್ಕ ನೀರಾಗ ಉಸರ ಸಿಗವಲ್ದು.”

ಅವರು ಹೇಳಿದ್ದರಲ್ಲಿ ಪುಸ್ತಕದ ಪಾಠವೆಲ್ಲ ಇತ್ತು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಹೊಲದಿಂದ ಬಸಿದ ಗೊಬ್ಬರ, ಊರುಗಳ ಚರಂಡಿ ಎಲ್ಲ ಸೇರಿದ ಬೆಚ್ಚನೆಯ ನಿಂತನೀರೆಂದರೆ ನೀಲಿಹಸಿರು ಪಾಚಿಗೆ ಹಬ್ಬ. ಅದರ ಕೆಲವು ಬಗೆ ಯಕೃತ್ತಿಗೆ ವಿಷ. ಹಗಲು ಉಸಿರು ಬಿಡುವ ಪಾಚಿ ರಾತ್ರಿಯೆಲ್ಲ ನೀರಿನ ಉಸಿರನ್ನೇ ಕುಡಿಯುತ್ತದೆ, ನಸುಕಿಗೆ ಮೀನು ತತ್ತರಿಸುತ್ತದೆ. ಕಟ್ಲಾ ಮೇಲ್ಪದರದ ಪ್ರಾಣಿಪ್ಲವಕ ಸೋಸಿ ತಿನ್ನುವ ಮೀನು. ಅದರ ಮೇವನ್ನು ಈ ಕೆನೆ ಒತ್ತಿ ಹಾಕುತ್ತದೆ. ಫಿಯೋರ್ಡಿನಲ್ಲಿ ಒಳ್ಳೆಯ ಪಾಚಿ ಹೋಗಿ ಲೋಳೆಪಾಚಿ ಬಂತು, ಹಕ್ಕಿ ಸೊರಗಿತು. ಕೃಷ್ಣೆಯಲ್ಲಿ ಹಸಿರು ಕೆನೆ ಕಟ್ಟಿತು, ಅಂಬಿಗರ ಬಲೆ ಹಗುರಾಯಿತು. ಮೈನಸ್ ಚಳಿಯ ನೀರು, ನಲವತ್ತು ಡಿಗ್ರಿ ಬಿಸಿಲಿನ ನೀರು, ಎರಡರಲ್ಲೂ ಕುಸಿದದ್ದು ತಳಗಲ್ಲೇ.

ಅಲ್ಲಿ 192 ಮೀಟರ್ ಆಳದ ನೀರಿನಲ್ಲಿ ನಮ್ಮ ಸರ್ಕಾರದ ದುಡ್ಡಿನ ಉಪಕರಣ ಕಾವು, ಉಪ್ಪು, ಆಮ್ಲಜನಕ ಬರೆದುಕೊಳ್ಳುತ್ತದೆ. ಅದು ಬೇಕು, ಇನ್ನೂ ಹತ್ತು ಬೇಕು. ಆದರೆ ಕೃಷ್ಣೆಯ ದಂಡೆಯ ಒಂದೇ ಒಂದು ಹಳ್ಳಿಯ ಪಂಚಾಯಿತಿ ಗೋಡೆಯ ಮೇಲೆ, ಈ ತಿಂಗಳು ಹೊಳೆಯ ನೀರಿನ ಕಾವೆಷ್ಟು, ಆಮ್ಲಜನಕ ಎಷ್ಟು, ಪಾಚಿ ಯಾವುದು ಎಂದು ಬರೆದದ್ದನ್ನು ನಾನು ನೋಡಿಲ್ಲ. ಕೂಡಗಿಯ ಚಿಮಣಿಯಿಂದ ನಿನ್ನೆ ಹೊರಬಿದ್ದದ್ದೆಷ್ಟು ಎಂದು ಬಸವನ ಬಾಗೇವಾಡಿಯ ಬಸ್‌ ನಿಲ್ದಾಣದಲ್ಲಿ ಕನ್ನಡದಲ್ಲಿ ಬರೆದ ಫಲಕವನ್ನೂ ನೋಡಿಲ್ಲ. ಆ ನೀರು ಕುಡಿಯುವವರು ನಾವು, ಆ ಮೀನು ತಿನ್ನುವವರು ನಾವು, ಆ ಬೂದಿ ಉಸಿರಾಡುವವರು ನಾವು. ಲೆಕ್ಕ ಕೇಳಿದರೆ ಕಣ್ಣು ಬಿಡುತ್ತಾರೆ.

ಬಲೆ ಮಡಚುತ್ತ ಆ ಹಿರಿಯರು ನನ್ನನ್ನು ಕೇಳಿದರು: “ನೀವು ಬರಿಯಾವ್ರಂತ. ಬರದ್ರ ಯಾರ್ ಓದ್ತಾರ?”

ಅರ್ಜಿ ಬರೆದಿದ್ದೇನೆ. ಕೇಳಿದ್ದು ಮೂರೇ. ಆಲಮಟ್ಟಿ ಮತ್ತು ನಾರಾಯಣಪುರದ ಹಿನ್ನೀರಿನಲ್ಲಿ ತಿಂಗಳಿಗೊಮ್ಮೆ ನೀರಿನ ಕಾವು, ಆಮ್ಲಜನಕ, ಪ್ಲವಕದ ಲೆಕ್ಕ ತೆಗೆದು ದಂಡೆಯ ಪ್ರತಿ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಹಚ್ಚಬೇಕು. ಕೂಡಗಿಯ ಹೊಗೆ ಮತ್ತು ಬೂದಿಯ ಲೆಕ್ಕ ದಿನಕ್ಕೊಮ್ಮೆ ಊರವರ ಕಣ್ಣಿಗೆ ಬೀಳಬೇಕು. ಆ ಚಿಮಣಿ ಯಾವ ವರ್ಷ ಆರುತ್ತದೆ, ಅದರ ಜಾಗಕ್ಕೆ ಯಾವ ಬೆಳಕು ಬರುತ್ತದೆ ಎಂದು ಸರ್ಕಾರ ಇಸವಿ ಹಾಕಿ ಹೇಳಬೇಕು. ಮುಂದೂಡುವ ಇಸವಿ ಆಗಬಾರದು. ಸೋಮವಾರ ಹತ್ತೂವರೆಗೆ ಮುದ್ದೇಬಿಹಾಳದ ತಹಸೀಲ್ದಾರರ ಕಚೇರಿಗೆ ಹೋಗುತ್ತೇವೆ. ಕಾಕಾ ಬರುತ್ತೇನೆ ಎಂದಿದ್ದಾರೆ. ಅವರ ಓಣಿಯವರೂ ಬರುತ್ತಾರೆ. ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿ ನಾವೇ ಒಯ್ಯುತ್ತೇವೆ, ಮತ್ತು ಆ ಹಸಿರು ನೀರಿನದೊಂದು ಬಾಟಲಿ.